ದೋಣಿಯಲ್ಲಿ ಲ್ಯಾಪ್‌ಟಾಪ್‌ಗೆ ವೈಫೈ ಸಿಗಬೇಕಾದರೆ ಆಂಟೆನಾ ಮೇಲೆ ಹೋಗಬೇಕು

ಎರಡು ಬೇಸಿಗೆ ನಾನು ಕ್ಯಾಬಿನ್‌ನಲ್ಲಿ ಕೂತು ದಡದ ವೈಫೈ ಹಿಡಿಯಲು ಒದ್ದಾಡಿದ್ದೇನೆ. ನನ್ನದು ಪುಸ್ತಕಗಳ ಕರಡು ತಿದ್ದುವ ಕೆಲಸ. ವರ್ಷಕ್ಕೆ ನಾಲ್ಕು ತಿಂಗಳು ನಾನೂ ನನ್ನ ತಮ್ಮನೂ 9 ಮೀಟರ್ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿಯಲ್ಲಿ ಇರುತ್ತೇವೆ. ದೋಣಿ ಎಲ್ಲೇ ಇರಲಿ, ತಿದ್ದಿದ ಪುಟಗಳು ಸಂಜೆಯೊಳಗೆ ಹೋಗಲೇಬೇಕು. ದಡದ ದೀಪ ಕಾಣುತ್ತದೆ. ಲ್ಯಾಪ್‌ಟಾಪ್‌ನ ಪಟ್ಟಿಯಲ್ಲಿ ವೈಫೈ ಹೆಸರೂ ಬರುತ್ತದೆ. ಆದರೆ 4 ಎಂಬಿ ಫೈಲ್ ಅರ್ಧಕ್ಕೇ ನಿಂತುಬಿಡುತ್ತದೆ. ಮೂರನೇ ವರ್ಷ ಇದು ಸರಿಹೋಯಿತು. ಲ್ಯಾಪ್‌ಟಾಪ್ ಹಳೆಯದೇ, ಆಂಟೆನಾ ಇದ್ದ ಜಾಗ ಮಾತ್ರ ಬದಲಾಯಿತು. ನಾವು ದಾರಿ ತಪ್ಪಿ ಕಲಿತದ್ದನ್ನು ನೀವು ನೇರವಾಗಿ ಮಾಡಬಹುದು ಅಂತ ಬರೆಯುತ್ತಿದ್ದೇನೆ.

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾ ಪರದೆಯ ಅಂಚಿನೊಳಗೆ ಇರುತ್ತದೆ. ಬೆರಳುದ್ದದ ತೆಳು ಪಟ್ಟಿ ಅಷ್ಟೇ. ಮನೆಯಲ್ಲಿ ಅದು ಸಾಕು. ದೋಣಿಯ ಕ್ಯಾಬಿನ್‌ನಲ್ಲಿ ಮೇಜು ಎಷ್ಟು ತಗ್ಗಿನಲ್ಲಿರುತ್ತದೆ ಅಂದರೆ, ಆ ಪಟ್ಟಿ ನೀರಿನ ಮಟ್ಟಕ್ಕಿಂತ ಒಂದು ಮೊಳ ಮೇಲಿದ್ದರೆ ಪುಣ್ಯ. ಸುತ್ತ ಎಂಜಿನ್, ನೀರಿನ ಟ್ಯಾಂಕ್, ಒಲೆ, ಒದ್ದೆ ಬಟ್ಟೆ. ಫೈಬರ್‌ಗ್ಲಾಸ್ ಗೋಡೆ ಸಿಗ್ನಲನ್ನು ಬಹುಪಾಲು ಬಿಟ್ಟುಕೊಡುತ್ತದೆ. ಉಕ್ಕು, ಅಲ್ಯೂಮಿನಿಯಂ, ಕಾರ್ಬನ್ ಫೈಬರ್ ಬಿಡುವುದಿಲ್ಲ. ನಿಮ್ಮದು ಲೋಹದ ದೋಣಿಯಾದರೆ ಕ್ಯಾಬಿನ್ ಒಳಗೆ ಕೂತು ಏನು ಮಾಡಿದರೂ ಪ್ರಯೋಜನ ಕಡಿಮೆ. ನೇರವಾಗಿ ಹೊರಗಿನ ಆಂಟೆನಾದ ಭಾಗಕ್ಕೆ ಹೋಗಿ.

ಇನ್ನೊಂದು ವಿಷಯ ನಮಗೆ ತಡವಾಗಿ ಅರ್ಥವಾಯಿತು. ವೈಫೈ ಎರಡು ಕಡೆಯ ಮಾತು. ದಡದಲ್ಲಿ ನಿಂತವರು ಮೈಕ್ ಹಿಡಿದು ಹೇಳಿದ್ದು ನಿಮಗೆ ಕೇಳುತ್ತದೆ. ನೀವು ಬರೀ ಬಾಯಲ್ಲಿ ಕೂಗಿದ್ದು ಅವರಿಗೆ ಕೇಳಬೇಕಲ್ವಾ? ಕಡ್ಡಿ ಚೆನ್ನಾಗಿ ತೋರಿಸಿಯೂ ಸಂಪರ್ಕ ಆಗದಿದ್ದರೆ ಎಷ್ಟೋ ಸಲ ಕಾರಣ ಇದೇ. ಹಾಗಾಗಿ ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರ್‌ಗಿಂತ ಒಳ್ಳೆ ಆಂಟೆನಾ ಮೇಲು. ಆಂಟೆನಾ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಸಮ ಸಹಾಯ ಮಾಡುತ್ತದೆ. ಕಳಿಸುವ ಶಕ್ತಿಗೆ ಕಾನೂನಿನ ಮಿತಿಯೂ ಇದೆ. ಯುರೋಪಿನಲ್ಲಿ 2.4 ಗಿಗಾಹರ್ಟ್ಸ್ ವೈಫೈಗೆ ಆಂಟೆನಾದ ಗೇನ್ (ಸಿಗ್ನಲನ್ನು ಒಟ್ಟುಗೂಡಿಸಿ ಅದು ಹೆಚ್ಚಿಸುವ ಪ್ರಮಾಣ) ಸೇರಿಸಿ 100 ಮಿಲಿವ್ಯಾಟ್. ಬೇರೆ ಕಡೆ ಬೇರೆ ಲೆಕ್ಕ. ಸಾಧನದ ಸೆಟ್ಟಿಂಗ್‌ನಲ್ಲಿ ನೀವಿರುವ ದೇಶವನ್ನೇ ಆರಿಸಿ.

ಮೊದಲು ಅಳೆಯಿರಿ

ಕಡ್ಡಿ ಎಣಿಸುವುದನ್ನು ಬಿಟ್ಟುಬಿಡಿ. ಒಂದೊಂದು ಲ್ಯಾಪ್‌ಟಾಪ್ ಅದನ್ನು ಒಂದೊಂದು ಥರ ತೋರಿಸುತ್ತದೆ. ಬೇಕಾದದ್ದು ಡಿಬಿಎಂ, ಅಂದರೆ ಸಿಗ್ನಲ್ ಎಷ್ಟು ಬಲವಾಗಿದೆ ಅನ್ನುವ ಸಂಖ್ಯೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ಮೇಲಿನ ವೈಫೈ ಗುರುತನ್ನು ಕ್ಲಿಕ್ ಮಾಡಿದರೆ ಆರ್‌ಎಸ್‌ಎಸ್‌ಐ ಅನ್ನುವ ಹೆಸರಿನಲ್ಲಿ ಅದು ಕಾಣುತ್ತದೆ. ವಿಂಡೋಸ್‌ಗೂ ಆಂಡ್ರಾಯ್ಡ್ ಫೋನಿಗೂ ವೈಫೈ ಅನಲೈಸರ್ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಸಂಖ್ಯೆ ಮೈನಸ್‌ನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ನನ್ನ ಅನುಭವದಲ್ಲಿ ಮೈನಸ್ 67ರವರೆಗೆ ವಿಡಿಯೊ ಕರೆ ಆರಾಮಾಗಿ ನಡೆಯುತ್ತದೆ. ಮೈನಸ್ 75ಕ್ಕೆ ಮೇಲ್, ಫೈಲ್ ಹೋಗುತ್ತವೆ. ಮೈನಸ್ 85 ಅಂದರೆ ಹೆಸರು ಕಾಣುತ್ತದೆ, ಕೆಲಸ ಆಗುವುದಿಲ್ಲ.

ಈ ಸಂಖ್ಯೆಯ ಏರಿಳಿತವನ್ನು ಡಿಬಿ (ಡೆಸಿಬೆಲ್) ಲೆಕ್ಕದಲ್ಲಿ ಹೇಳುತ್ತಾರೆ. 3 ಡಿಬಿ ಹೆಚ್ಚಾದರೆ ಶಕ್ತಿ ಎರಡರಷ್ಟು. 10 ಹೆಚ್ಚಾದರೆ ಹತ್ತರಷ್ಟು. ಬಯಲಿನಲ್ಲಿ ದೂರ ಇಮ್ಮಡಿಯಾದರೆ 6 ಡಿಬಿ ಕಳೆದುಹೋಗುತ್ತದೆ. ಅಂದರೆ ಎಲ್ಲಿಂದಲೋ 6 ಡಿಬಿ ಗಳಿಸಿದರೆ ದಡ ಅರ್ಧ ಹತ್ತಿರ ಬಂದ ಹಾಗೆ. ಈ ಲೆಕ್ಕ ತಲೆಯಲ್ಲಿದ್ದರೆ ಯಾವುದಕ್ಕೆ ದುಡ್ಡು ಹಾಕಬೇಕು ಅಂತ ನಿಮಗೇ ಗೊತ್ತಾಗುತ್ತದೆ. ನಾನು ಒಂದು ಪುಟ್ಟ ಪುಸ್ತಕದಲ್ಲಿ ಜಾಗ, ಹೊತ್ತು, ಡಿಬಿಎಂ ಬರೆದಿಡುತ್ತೇನೆ. ಕ್ಯಾಬಿನ್ ಮೇಜಿನ ಮೇಲೆ ಮೈನಸ್ 84 ಇದ್ದದ್ದು ಡೆಕ್ ಮೇಲೆ ಮೈನಸ್ 76 ಆಗಿತ್ತು. ಸುಮ್ನೆ ಹೊರಗೆ ಬಂದು ಕೂತಿದ್ದಕ್ಕೆ 8 ಡಿಬಿ!

ಖರ್ಚಿಲ್ಲದ ಕೆಲಸಗಳು

ಹಾಗಾಗಿ ಮೊದಲನೆಯದು ಹೊರಗೆ ಬರುವುದು. ಆಗದಿದ್ದರೆ ದಡದ ಕಡೆಯ ಕಿಟಕಿಗೆ ಲ್ಯಾಪ್‌ಟಾಪ್‌ನ ಪರದೆ ಹತ್ತಿರ ಇರಲಿ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಕ್ಯಾಬಿನ್ ಒಳಗೆ ಅಲೆಗಳು ಲೋಹಕ್ಕೆ ಬಡಿದು ಒಂದನ್ನೊಂದು ಕಡಿಯುತ್ತವೆ. ಆದ್ದರಿಂದ ಲ್ಯಾಪ್‌ಟಾಪನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೂ, ಸ್ವಲ್ಪ ತಿರುಗಿಸಿದರೂ ಸಂಖ್ಯೆ ಬದಲಾಗುತ್ತದೆ. ನಿಧಾನವಾಗಿ ಸರಿಸಿ, ಪ್ರತಿ ಸಲ ಐದಾರು ಸೆಕೆಂಡ್ ಕಾಯಿರಿ.

ದಡದ ವೈಫೈ 2.4ರಲ್ಲೂ 5 ಗಿಗಾಹರ್ಟ್ಸ್‌ನಲ್ಲೂ ಬರುತ್ತಿದ್ದರೆ ದೂರಕ್ಕೆ 2.4 ಹಿಡಿಯಿರಿ. ಅಂಥದ್ದೇ ಆಂಟೆನಾದಲ್ಲಿ 5 ಗಿಗಾಹರ್ಟ್ಸ್ ಅಷ್ಟೇ ದೂರಕ್ಕೆ ಸುಮಾರು 7 ಡಿಬಿ ಜಾಸ್ತಿ ಕಳೆದುಕೊಳ್ಳುತ್ತದೆ. ಜೆಟ್ಟಿಗೆ ಕಟ್ಟಿ ನಿಂತಾಗ ಮಾತ್ರ 5 ಒಳ್ಳೆಯದು, ಅಲ್ಲಿ ಗದ್ದಲ ಕಡಿಮೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುವಾಗ ವೈಫೈ ಕಾರ್ಡ್ ವಿದ್ಯುತ್ ಉಳಿಸುವ ಸ್ಥಿತಿಗೆ ಹೋಗುತ್ತದೆ. ಪವರ್ ಸೆಟ್ಟಿಂಗ್‌ನಲ್ಲಿ ಅದನ್ನು ಪೂರ್ಣ ಸಾಮರ್ಥ್ಯಕ್ಕೆ ಹಾಕಿ.

ಸಿಗ್ನಲ್ ಚೆನ್ನಾಗಿದ್ದೂ ನಿಧಾನವಾದರೆ ದೋಣಿಯೊಳಗೇ ಕಳ್ಳನಿರಬಹುದು. ಮೈಕ್ರೊವೇವ್ ಒಲೆ 2.45 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಅದು ಓಡುವಷ್ಟು ಹೊತ್ತು ವೈಫೈ ಸುಸ್ತಾಗುತ್ತದೆ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಕೂಡ 2.4 ಗಿಗಾಹರ್ಟ್ಸ್ ಮೇಲೆ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವರದಿ ಬರೆದಿತ್ತು. ನಾನು ಪುಟಗಳ ಪ್ರತಿ ತೆಗೆದಿಡುವ ಡಿಸ್ಕನ್ನು ಕಿತ್ತ ತಕ್ಷಣ ಫೈಲ್ ಹೋದದ್ದು ಎಷ್ಟೋ ಸಲ.

ಯುಎಸ್‌ಬಿ ಅಡಾಪ್ಟರ್ ಮತ್ತು ಜರಡಿ

ಸ್ವಲ್ಪ ಖರ್ಚು ಮಾಡಬಹುದು ಅನ್ನುವವರಿಗೆ ಹೊರ ಆಂಟೆನಾ ಇರುವ ಯುಎಸ್‌ಬಿ ವೈಫೈ ಅಡಾಪ್ಟರ್ ಒಳ್ಳೆ ಆರಂಭ. ಅದನ್ನು ಲ್ಯಾಪ್‌ಟಾಪ್‌ಗೇ ಚುಚ್ಚಿಡಬೇಡಿ. ಯುಎಸ್‌ಬಿ ಕೇಬಲ್‌ನಲ್ಲಿ ಕಿಟಕಿಯ ಆಚೆ, ಡೆಕ್ ಮೇಲೆ ಕಳಿಸಿ. ಯುಎಸ್‌ಬಿ 2 ಕೇಬಲ್ 5 ಮೀಟರ್‌ವರೆಗೆ ನಂಬಬಹುದು. ಅದಕ್ಕಿಂತ ಉದ್ದ ಬೇಕಾದರೆ ನಡುವೆ ಚಿಪ್ ಇರುವ ಆ್ಯಕ್ಟಿವ್ ಕೇಬಲ್ ತೊಗೊಳ್ಳಿ. ಅಡಾಪ್ಟರನ್ನು ಬಾಯಿ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಕೇಬಲ್ ಕೆಳಗಿನಿಂದ ಒಳಗೆ ಬರುವ ಹಾಗೆ ಮಾಡಿ. ಲೋಹದ ಡಬ್ಬಿ ಬೇಡ. ಆಂಟೆನಾ ನೆಟ್ಟಗೆ ನಿಂತಿರಲಿ. ದಡದ ಆಂಟೆನಾಗಳು ಸಾಮಾನ್ಯವಾಗಿ ನಿಂತೇ ಇರುತ್ತವೆ. ನಿಮ್ಮದು ಮಲಗಿದ್ದರೆ ಬಹಳಷ್ಟು ಸಿಗ್ನಲ್ ಹಾಗೇ ಸೋರಿಹೋಗುತ್ತದೆ. ಆಯಸ್ಕಾಂತದ ಬುಡ ಇರುವ ಆಂಟೆನಾವನ್ನು ದಿಕ್ಸೂಚಿಯಿಂದ ಕನಿಷ್ಠ ಒಂದು ಮೀಟರ್ ದೂರ ಇಡಿ. ಇಟ್ಟ ಮೇಲೆ ದಿಕ್ಸೂಚಿಯ ಮುಳ್ಳು ಅಲುಗಿಲ್ಲ ಅಂತ ನೋಡಿ ಖಚಿತ ಮಾಡಿಕೊಳ್ಳಿ. ಇದನ್ನು ಹಗುರವಾಗಿ ತೊಗೋಬೇಡಿ.

ಜೆಟ್ಟಿಗೆ ಕಟ್ಟಿದ್ದಾಗ ಒಂದು ಉಪಾಯ ತುಂಬಾ ಕೆಲಸ ಮಾಡುತ್ತದೆ. ಲೋಹದ ತಂತಿಯ ಜರಡಿಯನ್ನು ಅಡಾಪ್ಟರ್ ಹಿಂದೆ ಕನ್ನಡಿಯ ಹಾಗೆ ಇಡುವುದು. ಬೋಗುಣಿಯ ಆಕಾರ ಇರಬೇಕು. ಜರಡಿಯ ತೂತು ಅಲೆಯ ಉದ್ದಕ್ಕಿಂತ ಎಷ್ಟೋ ಚಿಕ್ಕದು, ಹಾಗಾಗಿ ವೈಫೈಗೆ ಅದು ತುಂಬು ತಗಡೇ. ಗಾಳಿಗೆ ಮಾತ್ರ ಅದು ಜರಡಿ, ಹಾರಿಹೋಗುವುದಿಲ್ಲ. ಅಡಾಪ್ಟರ್ ಎಲ್ಲಿರಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಬಾಯಿಯ ಅಗಲವನ್ನು ಅದರಿಂದಲೇ ಗುಣಿಸಿ, ಆಳದ 16 ಪಟ್ಟಿನಿಂದ ಭಾಗಿಸಿ. 30 ಸೆಂಟಿಮೀಟರ್ ಅಗಲ, 7.5 ಸೆಂಟಿಮೀಟರ್ ಆಳ ಇದ್ದರೆ ಉತ್ತರ 7.5. ಅಂದರೆ ತಳದಿಂದ 7.5 ಸೆಂಟಿಮೀಟರ್ ಮುಂದೆ, ಸರಿಯಾಗಿ ಬಾಯಿಯ ಮಟ್ಟಕ್ಕೆ. ನಮ್ಮ ಜರಡಿಯಿಂದ ಮೈನಸ್ 76 ಇದ್ದದ್ದು ಮೈನಸ್ 68 ಆಯಿತು.

ಲಂಗರು ಹಾಕಿ ನಿಂತಾಗ ಇದು ಉಪಯೋಗಕ್ಕೆ ಬರುವುದಿಲ್ಲ. ಗಾಳಿ ತಿರುಗಿದ ಹಾಗೆ ದೋಣಿಯೂ ತಿರುಗುತ್ತದೆ, ಜರಡಿ ಬೇರೆಲ್ಲೋ ನೋಡುತ್ತದೆ. ಆಗ ಸುತ್ತಲೂ ಸಮನಾಗಿ ಕೇಳುವ ಆಂಟೆನಾ ಬೇಕು.

ಹಾಯಿಕಂಬದ ಮೇಲೆ

ಎತ್ತರ ಯಾಕೆ ಅಷ್ಟು ಮುಖ್ಯ? ಸಿಗ್ನಲ್ ದಾರದ ಹಾಗೆ ಸಣ್ಣ ಗೆರೆಯಲ್ಲಿ ಬರುವುದಿಲ್ಲ. ಅದು ಮೃದಂಗದ ಹಾಗೆ, ತುದಿ ಸಣ್ಣ, ನಡು ದಪ್ಪ. 1 ಕಿಲೋಮೀಟರ್ ದೂರದ ದಡಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ ನಡುಭಾಗದ ತ್ರಿಜ್ಯ ಸುಮಾರು 5.6 ಮೀಟರ್. ಅದರಲ್ಲಿ ಶೇಕಡಾ 60ರಷ್ಟಾದರೂ ಖಾಲಿ ಇರಬೇಕು. ಎರಡೂ ಕಡೆ ಆಂಟೆನಾ ನೀರಿಗೆ ಹತ್ತಿರ ಇದ್ದರೆ ಆ ಮೃದಂಗದ ಕೆಳಗಿನ ಅರ್ಧ ನೀರಲ್ಲಿ ಮುಳುಗಿರುತ್ತದೆ. ದಡ ಕಣ್ಣಿಗೆ ಕಾಣುತ್ತಿದ್ದೂ ನೆಟ್ ಬರದಿರುವುದಕ್ಕೆ ಇದೇ ಕಾರಣ. 2007ರಲ್ಲಿ ವೆನೆಜುವೆಲಾದ ಎರ್ಮಾನೊ ಪಿಯೆತ್ರೊಸೆಮೊಲಿ ಅವರು ವೈಫೈಯನ್ನು 382 ಕಿಲೋಮೀಟರ್ ದೂರ ಮುಟ್ಟಿಸಿದ್ದರು. ಅಲ್ಲಿ ದೊಡ್ಡ ಆಂಟೆನಾಗಳಿದ್ದವು ನಿಜ, ಆದರೆ ಎರಡು ತುದಿಯೂ ಎತ್ತರದ ಬೆಟ್ಟಗಳ ಮೇಲೆ ಇದ್ದವು. ಅದನ್ನು ಓದಿದ ದಿನವೇ ನಾವು ಹಾಯಿಕಂಬ ನೋಡತೊಡಗಿದ್ದು.

ಮೊದಲ ಪ್ರಯತ್ನ ತಪ್ಪಾಯಿತು. ತಮ್ಮ 8 ಡಿಬಿ ಗೇನ್ ಇರುವ ಆಂಟೆನಾವನ್ನು ಕಂಬದ ಮೇಲೆ ಕಟ್ಟಿ, 10 ಮೀಟರ್ ತೆಳು ಕೋಆಕ್ಸ್ (ಆಂಟೆನಾದ ಸಿಗ್ನಲ್ ಒಯ್ಯುವ) ಕೇಬಲ್‌ನಲ್ಲಿ ಕ್ಯಾಬಿನ್‌ಗೆ ಇಳಿಸಿದ. "ಅಕ್ಕಾ, ಈಗ ನೋಡು" ಅಂದ. ನೋಡಿದೆ. ಡೆಕ್ ಮೇಲೆ ಸಿಗುತ್ತಿದ್ದುದಕ್ಕಿಂತ ಹೆಚ್ಚೇನೂ ಇರಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆವು. ಆರ್‌ಜಿ-58 ಅನ್ನುವ ಆ ತೆಳು ಕೇಬಲ್ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರ್‌ಗೆ ಸುಮಾರು 1 ಡಿಬಿ ತಿನ್ನುತ್ತದೆ. ಆಂಟೆನಾ ಕೊಟ್ಟಿದ್ದು 8, ಕೇಬಲ್ ಕಿತ್ತುಕೊಂಡಿದ್ದು 10. ಎಲ್‌ಎಂಆರ್-400 ಥರದ ದಪ್ಪ ಕೇಬಲ್ ಆದರೆ ಮೀಟರ್‌ಗೆ ಸುಮಾರು 0.22 ಡಿಬಿ ಮಾತ್ರ, ಆದರೆ ಅದು ಬೆರಳು ದಪ್ಪ, ಬಿರುಸು, ಕಂಬದೊಳಗೆ ಬಗ್ಗುವುದಿಲ್ಲ.

ಇದಕ್ಕೆ ಸರಿಯಾದ ದಾರಿ ರೇಡಿಯೊವನ್ನೇ ಮೇಲೆ ಕಳಿಸುವುದು. ಹೊರಾಂಗಣದಲ್ಲಿ ಇಡಲೆಂದೇ ಮಾಡಿದ ವೈಫೈ ರೇಡಿಯೊಗಳಿವೆ. ಉಬಿಕ್ವಿಟಿಯ ಬುಲೆಟ್, ಮೈಕ್ರೊಟಿಕ್‌ನ ಗ್ರೂವ್ ದೋಣಿಯವರು ಹೆಚ್ಚು ಬಳಸುವಂಥವು. ಆಂಟೆನಾ ನೇರ ಅದರ ತಲೆಗೇ ಕೂರುತ್ತದೆ, ನಡುವೆ ಕೋಆಕ್ಸೇ ಇಲ್ಲ. ಕೆಳಗಿನಿಂದ ಒಂದೇ ಈಥರ್‌ನೆಟ್ ಕೇಬಲ್ ಹೋಗುತ್ತದೆ. ಅದರಲ್ಲೇ ವಿದ್ಯುತ್ತು, ಅದರಲ್ಲೇ ಡೇಟಾ. ಈಥರ್‌ನೆಟ್ 100 ಮೀಟರ್‌ವರೆಗೆ ನಷ್ಟದ ಚಿಂತೆ ಇಲ್ಲದೆ ಓಡುತ್ತದೆ. ಬಿಸಿಲಿಗೆ ಸೀಳದ, ಹೊರಾಂಗಣದ ಕೇಬಲನ್ನೇ ಹಾಕಿ. ರೇಡಿಯೊಗೆ ಎಷ್ಟು ವೋಲ್ಟ್ ಬೇಕು ಅಂತ ಕೊಳ್ಳುವ ಮೊದಲೇ ನೋಡಿ. ಕೆಲವಕ್ಕೆ 12 ಸಾಕು, ಕೆಲವಕ್ಕೆ 24 ಬೇಕು, ಆಗ 12ರಿಂದ 24ಕ್ಕೆ ಏರಿಸುವ ಚಿಕ್ಕ ಕನ್ವರ್ಟರ್ ಹಾಕಬೇಕು. ಇನ್ವರ್ಟರ್ ಹಾಕಿ ಕರೆಂಟಿನ ಅಡಾಪ್ಟರ್ ಚುಚ್ಚಿದರೆ ಬ್ಯಾಟರಿ ಸುಮ್ನೆ ವ್ಯರ್ಥ. 6 ವ್ಯಾಟ್ ರೇಡಿಯೊ ಹಗಲೂ ರಾತ್ರಿ ಓಡಿದರೆ 12 ವೋಲ್ಟ್ ಬ್ಯಾಟರಿಯಿಂದ ದಿನಕ್ಕೆ 12 ಆಂಪಿಯರ್ ಅವರ್ ಹೋಗುತ್ತದೆ. ನಾವು ಒಂದು ಸ್ವಿಚ್ ಹಾಕಿಕೊಂಡಿದ್ದೇವೆ.

ರೇಡಿಯೊ ದಡದ ವೈಫೈ ಹಿಡಿಯುತ್ತದೆ. ಕೆಳಗೆ ಕ್ಯಾಬಿನ್‌ನಲ್ಲಿ ಒಂದು ಚಿಕ್ಕ ರೂಟರ್ ಅದನ್ನು ದೋಣಿಯೊಳಗೆ ಹಂಚುತ್ತದೆ. ಲ್ಯಾಪ್‌ಟಾಪ್‌ಗೆ ಈಗ ಎರಡು ಮೀಟರ್ ದೂರದ ವೈಫೈ, ಹಾಸಿಗೆಯಲ್ಲಿ ಕೂತರೂ ಸಿಗುತ್ತದೆ. ಜೆಟ್ಟಿಯ ಲಾಗಿನ್ ಪುಟವನ್ನೂ ಒಂದೇ ಸಲ ತುಂಬಿದರೆ ಸಾಕು. ಅನುಮತಿ ಇರುವ ನೆಟ್‌ವರ್ಕ್‌ಗೆ ಮಾತ್ರ ಸೇರಿ. ನಿಮ್ಮ ರೂಟರ್‌ಗೂ ಗಟ್ಟಿ ಪಾಸ್‌ವರ್ಡ್ ಇರಲಿ. ಇಂಥ ರೇಡಿಯೊಗಳಲ್ಲಿ ದೂರ ಅನ್ನುವ ಒಂದು ಸೆಟ್ಟಿಂಗ್ ಇರುತ್ತದೆ. ಉತ್ತರ ಬರುವವರೆಗೆ ಎಷ್ಟು ಕಾಯಬೇಕು ಅಂತ ಅದು ಹೇಳುತ್ತದೆ. ದಡ 2 ಕಿಲೋಮೀಟರ್ ಇದ್ದರೆ 3 ಅಂತ ಹಾಕಿ. ಕಡಿಮೆ ಹಾಕಿದರೆ ರೇಡಿಯೊ ಕಾಯದೆ ಅದನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ.

ಆಂಟೆನಾ ಆರಿಸುವಾಗ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಗೇನ್ ಹೆಚ್ಚಿದಷ್ಟೂ ಸಿಗ್ನಲ್ ಮೇಲೆ ಕೆಳಗೆ ಹರಡದೆ ಚಪ್ಪಟೆಯಾಗುತ್ತದೆ. 12 ಡಿಬಿ ಆಂಟೆನಾದ ಹರವು ಮೇಲೆ ಕೆಳಗೆ ಸೇರಿ ಸುಮಾರು 7 ಡಿಗ್ರಿ. ದೋಣಿ 15 ಡಿಗ್ರಿ ವಾಲಿದರೆ ಒಂದು ಪಕ್ಕ ಆಕಾಶಕ್ಕೆ, ಇನ್ನೊಂದು ಪಕ್ಕ ನೀರಿಗೆ ಹೋಗುತ್ತದೆ. ಹಾಯಿ ಬಿಚ್ಚಿ ಓಡುವಾಗ ನೆಟ್ ಬೇಕು ಅನ್ನುವವರಿಗೆ 5 ಡಿಬಿ ಆಸುಪಾಸು ಸಾಕು. ಲಂಗರಿನಲ್ಲಿ, ಜೆಟ್ಟಿಯಲ್ಲಿ ಮಾತ್ರ ಬಳಸುವವರಿಗೆ 8. ನಾವು 8 ಇಟ್ಟುಕೊಂಡಿದ್ದೇವೆ.

ಕಂಬದ ತುದಿಯೇ ಆಗಬೇಕೆಂದಿಲ್ಲ. ಅಡ್ಡತೋಳಿನ ತುದಿಯಲ್ಲಿ, ಕಂಬದಿಂದ ಒಂದು ಅಡಿ ಆಚೆ ಕಟ್ಟಿದರೂ ಒಳ್ಳೆ ಫಲ ಸಿಗುತ್ತದೆ. ಕಂಬಕ್ಕೆ ಅಂಟಿಸಿದರೆ ಆ ಕಡೆ ನೆರಳು ಬೀಳುತ್ತದೆ. ವಿಎಚ್‌ಎಫ್ (ದೋಣಿಯವರು ಮಾತಾಡುವ ರೇಡಿಯೊ) ಆಂಟೆನಾದಿಂದ ಒಂದು ಮೀಟರ್ ದೂರ ಇರಲಿ, ರಾಡಾರ್ ಇದ್ದರೆ ಅದರ ಮುಂದೆ ಬೇಡ. ನೀರು ಕನ್ನಡಿಯ ಹಾಗೆ ಸಿಗ್ನಲನ್ನು ಹಿಂದಕ್ಕೆ ಎಸೆಯುತ್ತದೆ. ಆ ಎರಡನೇ ಸಿಗ್ನಲ್ ಕೆಲವು ಎತ್ತರಗಳಲ್ಲಿ ಮೊದಲನೆಯದನ್ನು ಅಳಿಸಿಬಿಡುತ್ತದೆ. ಹಾಗಾಗಿ ಭರತ ಇಳಿತದ ಜೊತೆ ಸಿಗ್ನಲ್ ಏರಿಳಿದರೆ ರೇಡಿಯೊ ಕೆಟ್ಟಿದೆ ಅಂದುಕೊಳ್ಳಬೇಡಿ. ನಾವು ಮೊದಲು ಹಗ್ಗದಲ್ಲಿ ಎಳೆದು ಬೇರೆ ಬೇರೆ ಎತ್ತರದಲ್ಲಿ ಅಳೆದೆವು. ನಾನು ಕೆಳಗೆ ಸಂಖ್ಯೆ ಓದುತ್ತಿದ್ದೆ, ತಮ್ಮ ಹಗ್ಗ ಹಿಡಿದಿದ್ದ. 6 ಮೀಟರ್‌ನಲ್ಲಿ ಮೈನಸ್ 63 ಬಂತು. ಅಲ್ಲೇ ಕಟ್ಟಿದೆವು. ಕಂಬ ಹತ್ತುವವರು ನೀರು ಶಾಂತವಾಗಿದ್ದಾಗ, ಎರಡು ಹಗ್ಗದ ಆಸರೆಯಲ್ಲಿ, ಕೆಳಗೆ ಇನ್ನೊಬ್ಬರು ಇದ್ದಾಗ ಮಾತ್ರ ಹತ್ತಿ. ದೂರದಲ್ಲಿ ಗುಡುಗು ಕೇಳಿದರೂ ಆ ದಿನ ಬೇಡ.

ಫೋನ್‌ನ ಡೇಟಾ

ಎಷ್ಟೋ ಕಡೆ ದಡದ ವೈಫೈಗಿಂತ ಮೊಬೈಲ್ ಡೇಟಾವೇ ಮೇಲು. 700ರಿಂದ 900 ಮೆಗಾಹರ್ಟ್ಸ್ ಬ್ಯಾಂಡ್‌ಗಳು ನೀರಿನ ಮೇಲೆ ದೂರ ಬರುತ್ತವೆ. ಆದರೂ ಭೂಮಿಯ ಬಾಗು ಅಡ್ಡ ಬರುತ್ತದೆ. ಆಂಟೆನಾದ ಎತ್ತರ ಮೀಟರ್‌ನಲ್ಲಿ ತೊಗೊಂಡು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿ. ಅಷ್ಟು ಕಿಲೋಮೀಟರ್ ಅದರ ದೃಷ್ಟಿ. 1 ಮೀಟರ್ ಎತ್ತರಕ್ಕೆ 4 ಕಿಲೋಮೀಟರ್, 9 ಮೀಟರ್‌ಗೆ 12. ದಡದ ಟವರ್ 36 ಮೀಟರ್ ಇದ್ದರೆ ಅದರದ್ದು ಸುಮಾರು 25. ಎರಡನ್ನೂ ಕೂಡಿಸಿದರೆ ಫೋನ್ ಕೈಯಲ್ಲಿದ್ದಾಗ 29, ಕಂಬದಲ್ಲಿದ್ದಾಗ 37 ಕಿಲೋಮೀಟರ್.

ಹಾಗಾಗಿ ಹಾಟ್‌ಸ್ಪಾಟ್ ಹಾಕಿದ ಫೋನನ್ನು ನೀರು ಹೋಗದ ಚೀಲದಲ್ಲಿಟ್ಟು ಬಾವುಟದ ಹಗ್ಗದಲ್ಲಿ ಏರಿಸಿ. 9 ಮೀಟರ್ ಕೆಳಗಿರುವ ಲ್ಯಾಪ್‌ಟಾಪ್‌ಗೆ ಅದರ ವೈಫೈ ಚೆನ್ನಾಗಿ ಬರುತ್ತದೆ. ಚೀಲದ ಕೆಳಗೂ ಒಂದು ಹಗ್ಗ ಕಟ್ಟಿರಿ. ಮೇಲಿನ ಹಗ್ಗ ಮಾತ್ರ ಇದ್ದರೆ ಹಗುರ ಚೀಲ ಮೇಲೇ ಸಿಕ್ಕಿಕೊಳ್ಳುತ್ತದೆ, ಇಳಿಸಲು ಕಂಬ ಹತ್ತಬೇಕಾಗುತ್ತದೆ. ಮಟಮಟ ಮಧ್ಯಾಹ್ನ ಏರಿಸಬೇಡಿ, ಫೋನ್ ಕಾದು ತಾನೇ ಆಫ್ ಆಗುತ್ತದೆ. ಇದು ನಿತ್ಯದ ಕೆಲಸವಾದರೆ ಸಿಮ್ ಹಾಕುವ ರೂಟರ್ ಮತ್ತು ಹೊರ ಆಂಟೆನಾ ಕೊಳ್ಳಿ. 4ಜಿ ಎರಡು ಆಂಟೆನಾ ಬಳಸಿ ಕೆಲಸ ಮಾಡುತ್ತದೆ, ಒಂದನ್ನೇ ಹಾಕಿದರೆ ವೇಗ ತಗ್ಗುತ್ತದೆ.

ಸ್ಟಾರ್‌ಲಿಂಕ್ ಥರದ ಉಪಗ್ರಹ ಡಿಶ್ ಬಗ್ಗೆ ಕೇಳುವವರಿಗೆ ಒಂದೇ ಮಾತು. ಅದಕ್ಕೆ ತೆರೆದ ಆಕಾಶ ಬೇಕು, ಹತ್ತಾರು ವ್ಯಾಟ್ ವಿದ್ಯುತ್ ಬೇಕು. ನಮ್ಮ ಬ್ಯಾಟರಿಗೆ ಅದು ಭಾರ.

ಉಪ್ಪು

ಕಂಬದ ಮೇಲಿನ ಎಲ್ಲ ಕೆಲಸವನ್ನೂ ಉಪ್ಪುಗಾಳಿ ಒಂದು ವರ್ಷದಲ್ಲಿ ಹಾಳುಮಾಡಬಲ್ಲದು. ನಮ್ಮ ಮೊದಲ ಕನೆಕ್ಟರ್ ಬಿಚ್ಚಿದಾಗ ಒಳಗಿನ ತಾಮ್ರ ಹಸಿರಾಗಿತ್ತು. ಈಗ ಪ್ರತಿ ಕನೆಕ್ಟರ್‌ಗೂ ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಹಾಕುತ್ತೇನೆ. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಆಗ ಮಳೆನೀರು ಪದರದೊಳಗೆ ನುಗ್ಗುವುದಿಲ್ಲ. ಅದರ ಮೇಲೆ ಬಿಸಿಲು ತಡೆಯುವ ಮಾಮೂಲಿ ಟೇಪ್. ಕೇಬಲ್ ರೇಡಿಯೊ ಒಳಗೆ ಹೋಗುವ ಮುಂಚೆ ಒಂದು ಗೇಣಿನಷ್ಟು ಜೋಲು ಬಿಡಿ, ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗಲಿ. ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಡಿಬಿಎಂ ಬರೆದಿಟ್ಟ ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದೇ ಜಾಗದಲ್ಲಿ ಕಳೆದ ವರ್ಷಕ್ಕಿಂತ 5 ಡಿಬಿ ಕಡಿಮೆ ಅಂದರೆ ಮೊದಲು ಕನೆಕ್ಟರ್ ನೋಡುತ್ತೇನೆ.

ಇಷ್ಟಾದರೂ ಸಿಗ್ನಲ್ ಬಡವಾಗಿರುವ ದಿನಗಳು ಇರುತ್ತವೆ. ಆಗ ಕಡಿಮೆ ಬಳಸಬೇಕು. ಲ್ಯಾಪ್‌ಟಾಪ್‌ನಲ್ಲಿ ಈ ವೈಫೈಯನ್ನು ಮೀಟರ್ಡ್ (ಡೇಟಾ ಮಿತವಾಗಿ ಬಳಸಬೇಕಾದ ಸಂಪರ್ಕ) ಅಂತ ಗುರುತು ಮಾಡಿದರೆ ವಿಂಡೋಸ್ ಅಪ್‌ಡೇಟ್‌ಗಳನ್ನು ತಡೆಹಿಡಿಯುತ್ತದೆ. ಫೋಟೊಗಳು ತಾವಾಗಿ ಮೇಲೇರುವುದನ್ನು ನಿಲ್ಲಿಸಿ. ನಾನು ದೊಡ್ಡ ಫೈಲನ್ನು ಅಧ್ಯಾಯಗಳಾಗಿ ಒಡೆದು ಬೆಳಗಿನ ಜಾವ ಕಳಿಸುತ್ತೇನೆ, ಜೆಟ್ಟಿಯಲ್ಲಿ ಉಳಿದವರು ಆಗ ನಿದ್ದೆಯಲ್ಲಿರುತ್ತಾರೆ. ಗಾಳಿಯ ಮುನ್ಸೂಚನೆಯ ಗ್ರಿಬ್ ಫೈಲ್ ಚಿಕ್ಕ ಪ್ರದೇಶಕ್ಕೆ ಕೇಳಿದರೆ ಬಹಳ ಪುಟ್ಟದು, ಮೈನಸ್ 80ರಲ್ಲೂ ತಾಳ್ಮೆಯಿಂದ ಇಳಿಯುತ್ತದೆ. ಅಮೆರಿಕದ ಜಿಎಫ್‌ಎಸ್ ಹವಾಮಾನ ಮಾದರಿ ದಿನಕ್ಕೆ ನಾಲ್ಕು ಸಲ ಹೊಸದಾಗುತ್ತದೆ. ಹೊರಡುವ ಮುಂಚೆ, ಇನ್ನೂ ಜೆಟ್ಟಿಯಲ್ಲಿರುವಾಗಲೇ ಅದನ್ನೂ ನಕ್ಷೆಗಳನ್ನೂ ಇಳಿಸಿಕೊಳ್ಳುತ್ತೇವೆ. ಆಮೇಲೆ ತಮ್ಮ ವಿಎಚ್‌ಎಫ್ ಅನ್ನು 16ನೇ ಚಾನಲ್‌ಗೆ ಹಾಕುತ್ತಾನೆ. ಅಪಾಯದಲ್ಲಿ ಕರೆಯಬೇಕಾದ ಜಾಗ ಅದು, ವೈಫೈ ಎಷ್ಟೇ ಚೆನ್ನಾಗಿದ್ದರೂ. ನಾನು ಕಂಬದ ರೇಡಿಯೊದ ಸ್ವಿಚ್ ಆರಿಸುತ್ತೇನೆ, ಹಗ್ಗ ಬಿಚ್ಚುತ್ತೇವೆ.